ಇನ್ನೂರು ಗಂಟೆಗೆ ಯಾರ ಹಣ?

ಪುಣೆಯ ಹಡಪಸರದಲ್ಲಿ, ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದು ನಿಂತ ನಡುವೆ, ಒಂದು ದೊಡ್ಡ ಹುಲ್ಲುಬಯಲು ಇನ್ನೂ ಉಳಿದುಕೊಂಡಿದೆ. ಅದು ಕೇಂದ್ರ ಸರ್ಕಾರದ ಗ್ಲೈಡಿಂಗ್ ಕೇಂದ್ರ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಬಯಲಿನ ಒಂದು ತುದಿಯಲ್ಲಿ ಗ್ಲೈಡರ್, ಇನ್ನೊಂದು ತುದಿಯಲ್ಲಿ ವಿಂಚ್, ನಡುವೆ ಉದ್ದನೆಯ ಉಕ್ಕಿನ ಹಗ್ಗ. ವಿಂಚ್ ಹಗ್ಗವನ್ನು ರಭಸದಿಂದ ಸುತ್ತಿಕೊಂಡಂತೆ ಗ್ಲೈಡರ್ ಗಾಳಿಪಟದ ಹಾಗೆ ಮೇಲೇರುತ್ತದೆ, ಹಗ್ಗ ಕಳಚಿ ಬೀಳುತ್ತದೆ. ಆಮೇಲೆ ಉಳಿಯುವುದು ಗಾಳಿ ಮತ್ತು ಕಲಿಯುವವರ ಕೈ.

ಊರಿನ ಇನ್ನೊಂದು ಮಗ್ಗುಲಲ್ಲಿ, ಖಡಕವಾಸಲಾ ಜಲಾಶಯದ ದಂಡೆಯ ಮೇಲೆ, ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ಪುಣೆಯಿಂದ ಸುಮಾರು 100 ಕಿಲೋಮೀಟರ್ ದೂರದ ಬಾರಾಮತಿಯಲ್ಲಿ ಖಾಸಗಿ ತರಬೇತಿ ಶಾಲೆಗಳ ಪುಟ್ಟ ವಿಮಾನಗಳು ಹಾರುತ್ತವೆ. ವಿಮಾನ ಹಾರಿಸಬೇಕೆಂಬ ಪುಣೆಯ ಹುಡುಗ ಹುಡುಗಿಯರಿಗೆ ಈ ಮೂರೂ ಬಾಗಿಲು. ಹಡಪಸರದಲ್ಲಿ ಸರ್ಕಾರ ಅಗ್ಗದ ದರದಲ್ಲಿ ಆಕಾಶದ ರುಚಿ ತೋರಿಸುತ್ತದೆ. ಖಡಕವಾಸಲಾದಲ್ಲಿ ಎಲ್ಲ ಖರ್ಚನ್ನೂ ಅದೇ ಹೊತ್ತು, ಬದಲಿಗೆ ವರ್ಷಗಳನ್ನು ಕೇಳುತ್ತದೆ. ಬಾರಾಮತಿಯಲ್ಲಿ ಮನೆಯವರು ಕೊಡಬೇಕು. ಭಾರತದಲ್ಲಿ ಪೈಲಟ್ ಆಗುವ ದಾರಿಯ ಸುಮಾರು ನೂರು ವರ್ಷಗಳ ಇತಿಹಾಸವೆಂದರೆ ಮುಖ್ಯವಾಗಿ ಈ ಖರ್ಚು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರಿದ ಇತಿಹಾಸ.

ಲೆಕ್ಕ ಶುರುವಾಗುವುದು ಒಂದು ಸಂಖ್ಯೆಯಿಂದ. ಇಂದಿನ ನಿಯಮದ ಪ್ರಕಾರ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿದ್ದಾಗಿರಬೇಕು. 20 ಗಂಟೆ ಊರಿಂದೂರಿಗೆ, 10 ಗಂಟೆ ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನಂಬಿ, 5 ಗಂಟೆ ರಾತ್ರಿ. ಇದರ ಜೊತೆಗೆ ವಾಯುಮಾರ್ಗ, ಹವಾಮಾನ, ನಿಯಮಾವಳಿ, ತಾಂತ್ರಿಕ ವಿಷಯಗಳ ಪರೀಕ್ಷೆಗಳು. ಪರೀಕ್ಷೆಗೆ ಪುಸ್ತಕ ಸಾಕು. ಗಂಟೆಗಳಿಗೆ ಮಾತ್ರ ಪೆಟ್ರೋಲು, ವಿಮಾನ, ಮೆಕ್ಯಾನಿಕ್, ಬೋಧಕ ಎಲ್ಲ ಬೇಕು. ಆ ಇನ್ನೂರು ಗಂಟೆಗೆ ಹಣ ಕೊಡುವವರು ಯಾರು?

ಶ್ರೀಮಂತರ ಆಟ, ಸರ್ಕಾರದ ಅನುದಾನ

1920ರ ದಶಕದ ಕೊನೆಯಲ್ಲಿ ಬ್ರಿಟಿಷ್ ಭಾರತದ ಸರ್ಕಾರ ದೆಹಲಿ, ಮುಂಬೈ, ಕರಾಚಿ, ಕಲ್ಕತ್ತೆಗಳ ಫ್ಲೈಯಿಂಗ್ ಕ್ಲಬ್ಬುಗಳಿಗೆ ನೆರವು ಕೊಡಲು ಶುರುಮಾಡಿತು. ಇಂಗ್ಲೆಂಡಿನಲ್ಲಿ ಆಗಲೇ ನಡೆಯುತ್ತಿದ್ದ ಪದ್ಧತಿ ಅದು. ಸರ್ಕಾರ ನೆರವು ಕೊಟ್ಟರೆ ಸದಸ್ಯರಿಗೆ ಕಡಿಮೆ ದರದಲ್ಲಿ ಕಲಿಸಬಹುದು. ದೇಶಕ್ಕೆ ಹಾರಬಲ್ಲವರ ಒಂದು ಪಡೆ ಸಿದ್ಧವಾಗುತ್ತದೆ ಎಂಬುದು ಎಣಿಕೆ. ಮುಂಬೈ ಕ್ಲಬ್ಬಿನಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಸಿಕ್ಕಿದ ಲೈಸೆನ್ಸಿನ ಸಂಖ್ಯೆ 1. ಬೋಧಕರ ಜೊತೆ ಕೇವಲ ಮೂರೂಮುಕ್ಕಾಲು ಗಂಟೆ ಹಾರಿ ಅವರು ಒಬ್ಬರೇ ವಿಮಾನ ಏರಿದ್ದರು. ಅನುದಾನ ಇತ್ತು ನಿಜ, ಆದರೆ ಕ್ಲಬ್ಬಿನ ಸದಸ್ಯತ್ವ ಪಡೆದು, ವಾರದ ಬಿಡುವಿನಲ್ಲಿ ಹಾರುವಷ್ಟು ಅನುಕೂಲ ಯಾರಿಗಿತ್ತು ಎಂಬುದು ಆ ಕಾಲದ ಸದಸ್ಯರ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಬಹುಮಾನವೂ ಹಣದ ಒಂದು ಮೂಲವಾಗಿತ್ತು. ಇಂಗ್ಲೆಂಡಿನಿಂದ ಭಾರತಕ್ಕಾಗಲಿ, ಭಾರತದಿಂದ ಇಂಗ್ಲೆಂಡಿಗಾಗಲಿ ಒಬ್ಬರೇ ಹಾರುವ ಮೊದಲ ಭಾರತೀಯರಿಗೆ 500 ಪೌಂಡ್ ಕೊಡುವುದಾಗಿ ಆಗಾ ಖಾನ್ 1929ರಲ್ಲಿ ಸಾರಿದರು. 1930ರಲ್ಲಿ ಅದನ್ನು ಗೆದ್ದವರು 17 ವರ್ಷದ ಆಸ್ಪಿ ಎಂಜಿನಿಯರ್. ಅದೇ ಸ್ಪರ್ಧೆಯಲ್ಲಿ ಎದುರು ದಿಕ್ಕಿನಿಂದ ಹಾರುತ್ತಿದ್ದ ಜೆ.ಆರ್.ಡಿ., ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದ ಈ ಹುಡುಗನಿಗೆ ತಮ್ಮ ಬಳಿಯಿದ್ದ ಪ್ಲಗ್ಗುಗಳನ್ನು ಕೊಟ್ಟ ಕಥೆ ಪ್ರಸಿದ್ಧ. ಆಸ್ಪಿ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಮುಖ್ಯಸ್ಥರಾದರು, 1960ರಲ್ಲಿ ವಾಯುಪಡೆಯ ಮುಖ್ಯಸ್ಥರೂ ಆದರು.

ಜಕ್ಕೂರು, ಹಡಪಸರ ಮತ್ತು ಪುಷ್ಪಕ

ಸ್ವಾತಂತ್ರ್ಯ ಬಂದ ಮೇಲೆ ಈ ಖರ್ಚನ್ನು ಸರ್ಕಾರಗಳು ಹೆಚ್ಚು ಗಟ್ಟಿಯಾಗಿ ಕೈಗೆತ್ತಿಕೊಂಡವು. ಅಲಹಾಬಾದಿನ ಬಮ್ರೌಲಿಯಲ್ಲಿ ಕೇಂದ್ರದ ತರಬೇತಿ ಕೇಂದ್ರ ಬಂತು. ಬೆಂಗಳೂರಿನ ಉತ್ತರಕ್ಕೆ ಜಕ್ಕೂರಿನಲ್ಲಿ ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್ ಕೊಟ್ಟ 200 ಎಕರೆಗೂ ಹೆಚ್ಚು ಭೂಮಿಯಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಎದ್ದಿತು. ಮಹಾರಾಜರ ಡಕೋಟಾ ವಿಮಾನದ ಪೈಲಟ್ ಆಗಿದ್ದ ವಿ. ಸುಂದರಂ ಅದರ ಮುಖ್ಯಸ್ಥರು. ಅವರ ಪತ್ನಿ ಉಷಾ ಸುಂದರಂ 1949ರಲ್ಲಿ ಅದೇ ಶಾಲೆಯಿಂದ ತೇರ್ಗಡೆಯಾದ ಮೊದಲ ಪೈಲಟ್. 1951ರಲ್ಲಿ ಈ ದಂಪತಿ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬೈಗೆ 27 ಗಂಟೆಗಳಲ್ಲಿ ತಂದು ದಾಖಲೆ ಮಾಡಿದರು.

ಪುಣೆಯ ಬಾಗಿಲು ತೆರೆದದ್ದೂ ಇದೇ ಹೊತ್ತಿಗೆ. ಲೋಹೆಗಾಂವ್‌ನ ರನ್‌ವೇ 1939ರಿಂದ ವಾಯುಪಡೆಯದು. ಇಂದಿಗೂ ಪುಣೆಯ ಪ್ರಯಾಣಿಕ ವಿಮಾನಗಳು ಅದೇ ರನ್‌ವೇಯಲ್ಲಿ ಇಳಿಯುತ್ತವೆ. ಕಲಿಯುವವರ ಪುಟ್ಟ ವಿಮಾನಗಳು ದಿನವಿಡೀ ಏರಿ ಇಳಿಯಲು ಅಲ್ಲಿ ಜಾಗವಿಲ್ಲ. ಹಾಗಾಗಿ 1950ರ ಆಸುಪಾಸಿನಲ್ಲಿ ಹಡಪಸರದಲ್ಲಿ ಶುರುವಾದ ಗ್ಲೈಡಿಂಗ್ ಈ ಊರಿಗೆ ಮುಖ್ಯವಾಯಿತು. ಪೆಟ್ರೋಲು ಸುಡದ ಗ್ಲೈಡರಿನಲ್ಲಿ ಎನ್‌ಸಿಸಿ ಕೆಡೆಟ್ಟುಗಳು, ಕಾಲೇಜು ಹುಡುಗರು ಕೈಗೆಟಕುವ ಹಣದಲ್ಲಿ ಹಾರಿದರು. ಗ್ಲೈಡರ್ ಹಾರಿಸಿದ ಗಂಟೆಗಳಿಂದ ಏರ್‌ಲೈನ್ ಲೈಸೆನ್ಸ್ ಸಿಗುವುದಿಲ್ಲ. ಆದರೆ ಲಕ್ಷಗಳನ್ನು ಸುರಿಯುವ ಮೊದಲು ತನಗಿದು ಒಗ್ಗುತ್ತದೆಯೇ, ಎತ್ತರದಲ್ಲಿ ತಲೆ ನೆಟ್ಟಗಿರುತ್ತದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

ವಿಮಾನದ ಬೆಲೆಯನ್ನೇ ಇಳಿಸುವ ಕೆಲಸವೂ ನಡೆಯಿತು. ಎಚ್‌ಎಎಲ್‌ನ ಮುಖ್ಯ ವಿನ್ಯಾಸಕಾರ ವಿ.ಎಂ. ಘಾಟಗೆ ಅವರ ಕಾಲದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಪುಷ್ಪಕ್ ಎಂಬ ಎರಡು ಸೀಟಿನ ಹಗುರ ವಿಮಾನ 1958ರಲ್ಲಿ ಮೊದಲು ಹಾರಿತು. ಸುಮಾರು 160 ಪುಷ್ಪಕ್‌ಗಳು ತಯಾರಾದವು. ಅವನ್ನು ಮಾಡಿದ್ದೇ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ. ಕಾರ್ಖಾನೆ ಸರ್ಕಾರದ್ದು, ಕ್ಲಬ್ಬಿಗೆ ಅನುದಾನ ಸರ್ಕಾರದ್ದು. 1953ರಲ್ಲಿ ಏರ್‌ಲೈನುಗಳ ರಾಷ್ಟ್ರೀಕರಣವಾದ ಮೇಲೆ ಕೊನೆಗೆ ಕೆಲಸ ಕೊಡುವ ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾಗಳೂ ಸರ್ಕಾರದ್ದೇ. ಕ್ಲಬ್ಬಿನಲ್ಲಿ ಕಲಿತು ಲೈಸೆನ್ಸ್ ಹಿಡಿದು ಬಂದವರಿಗೆ ದೊಡ್ಡ ವಿಮಾನದ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್ ಹೈದರಾಬಾದಿನ ತನ್ನ ಕೇಂದ್ರದಲ್ಲಿ ತಾನೇ ಕೊಡುತ್ತಿತ್ತು. ದೆಹಲಿಯ ಕ್ಲಬ್ಬಿನಲ್ಲಿ ಕಲಿತು ಇಂಡಿಯನ್ ಏರ್‌ಲೈನ್ಸ್ ಸೇರಿ ಆವ್ರೋ ಹಾರಿಸಿದ ರಾಜೀವ್ ಗಾಂಧಿ ಇದೇ ದಾರಿಯಲ್ಲಿ ಬಂದವರು. ಅವರು ಪ್ರಧಾನಿಯಾಗಿದ್ದಾಗಲೇ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಹುಟ್ಟಿತು.

ಇದನ್ನು ಸುವರ್ಣಯುಗ ಎಂದು ಕರೆದುಬಿಡುವ ಆಸೆಯಾಗಬಹುದು. ಆದರೆ ಖರ್ಚಿನ ಬಾಗಿಲು ತೆರೆದಿದ್ದರೂ ಕೆಲಸದ ಬಾಗಿಲು ಕಿರಿದಾಗಿಯೇ ಇತ್ತು. 1947ರಲ್ಲಿ ಕಮರ್ಷಿಯಲ್ ಲೈಸೆನ್ಸ್ ಪಡೆದ ಪ್ರೇಮ್ ಮಾಥುರ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ಎಂಟು ಏರ್‌ಲೈನುಗಳು ಬೇಡವೆಂದವು. ಕೆಲಸ ಕೊಟ್ಟದ್ದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ಎರಡೇ ಸರ್ಕಾರಿ ಏರ್‌ಲೈನುಗಳಿದ್ದ ದೇಶದಲ್ಲಿ ಹುದ್ದೆಗಳೂ ಎಣಿಸಿದಷ್ಟೇ. ಸರ್ಕಾರಿ ಶಾಲೆಗಳಲ್ಲಿ ವಿಮಾನ ಕೆಟ್ಟರೆ ಬಿಡಿಭಾಗಕ್ಕೆ ಕಾಯಬೇಕು, ಬೋಧಕರು ಹೋದರೆ ಹೊಸಬರ ನೇಮಕಕ್ಕೆ ಕಾಯಬೇಕು. ಮುಂದಿನ ದಶಕಗಳಲ್ಲಿ ಜಕ್ಕೂರೂ ಇದನ್ನು ಕಂಡಿತು. ಬೋಧಕರಿಲ್ಲದೆ ತರಬೇತಿ ನಿಂತು, ಸೇರಿದವರು ಗಂಟೆ ಮುಗಿಸಲು ವರ್ಷಗಟ್ಟಲೆ ಕಾದರು. ಶುಲ್ಕ ಕಡಿಮೆಯಿದ್ದಲ್ಲಿ ಕಾಯುವಿಕೆಯೇ ಶುಲ್ಕವಾಯಿತು.

ವರ್ಷಗಳಲ್ಲಿ ತೀರಿಸುವ ಸಾಲ

ಎರಡನೆಯ ಬಾಗಿಲಿನಲ್ಲಿ ಹಣದ ಮಾತೇ ಇಲ್ಲ. 1955ರ ಜನವರಿಯಲ್ಲಿ ಉದ್ಘಾಟನೆಯಾದ ಖಡಕವಾಸಲಾ ಅಕಾಡೆಮಿಯಲ್ಲಿ ಊಟ, ವಸತಿ, ಓದು, ತರಬೇತಿ ಎಲ್ಲವೂ ಸರ್ಕಾರದ ಖರ್ಚು. ಕನ್ನಡ ಊರುಗಳಿಗೂ ಈ ಬಾಗಿಲಿಗೂ ನೇರ ದಾರಿಯಿದೆ. 1963ರಲ್ಲಿ ಶುರುವಾದ ವಿಜಯಪುರದ ಸೈನಿಕ ಶಾಲೆ, ಅದರ ನಂತರ ಬಂದ ಕೊಡಗಿನ ಸೈನಿಕ ಶಾಲೆ, ಎರಡೂ ಹುಡುಗರನ್ನು ಈ ಅಕಾಡೆಮಿಗೆ ತಯಾರು ಮಾಡಲೆಂದೇ ಕಟ್ಟಿದವು. ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಬರೆದ ಹಳ್ಳಿಯ ಹುಡುಗ ಹನ್ನೆರಡನೆಯ ಕ್ಲಾಸು ಮುಗಿಸಿ ಪುಣೆಗೆ ಹೋಗಿ, ಅಲ್ಲಿಂದ ಹೈದರಾಬಾದಿನ ಬಳಿಯ ದುಂಡಿಗಲ್‌ಗೆ ಹೋಗಿ ಹಾರಲು ಕಲಿಯಬಹುದು. ಸಾರಿಗೆ ವಿಮಾನಕ್ಕೆ ಆಯ್ಕೆಯಾದರೆ ಮುಂದಿನ ತರಬೇತಿ ಬೆಂಗಳೂರಿನ ಯಲಹಂಕದಲ್ಲಿ, ಫೈಟರ್‌ಗಾದರೆ ಬೀದರಿನಲ್ಲಿ. ಮನೆಯವರು ಒಂದು ಗುಂಟೆ ಜಮೀನನ್ನೂ ಮಾರಬೇಕಿಲ್ಲ.

ಬದಲಿಗೆ ಕೊಡಬೇಕಾದದ್ದು ಆಯುಷ್ಯದ ಒಂದು ಭಾಗ. ಪಿಂಚಣಿಗೆ 20 ವರ್ಷ ಸೇವೆ ಬೇಕು. ಅಷ್ಟು ಮುಗಿಸಿ ನಲವತ್ತರ ಸುಮಾರಿಗೆ ಏರ್‌ಲೈನಿಗೆ ಬಂದವರ ದೊಡ್ಡ ಸಾಲೇ ಇದೆ. ನಾಗರಿಕ ವಿಮಾನಯಾನಕ್ಕೆ ವಾಯುಪಡೆ ಹೀಗೆ ದಶಕಗಳ ಕಾಲ ಪುಕ್ಕಟೆಯಾಗಿ ಪೈಲಟ್‌ಗಳನ್ನು ಒದಗಿಸಿದೆ. ಆದರೆ ಏರ್‌ಲೈನ್ ಸೇರುವುದಷ್ಟೇ ಗುರಿಯಾಗಿರುವವರಿಗೆ ಇದು ದಾರಿಯಲ್ಲ, ಸೈನಿಕನಾಗಲು ಮನಸ್ಸಿರುವವರಿಗೆ ಮಾತ್ರ. ಅಕಾಡೆಮಿ ಸೇರಿದವರೆಲ್ಲ ಪೈಲಟ್ ಆಗುವುದೂ ಇಲ್ಲ. ಹೆಣ್ಣುಮಕ್ಕಳಿಗಂತೂ ಈ ಬಾಗಿಲು ಬಹುಕಾಲ ಮುಚ್ಚಿತ್ತು. ವಾಯುಪಡೆ 1990ರ ದಶಕದಲ್ಲೇ ಮಹಿಳಾ ಪೈಲಟ್‌ಗಳನ್ನು ತೆಗೆದುಕೊಂಡಿತಾದರೂ ಖಡಕವಾಸಲಾಕ್ಕೆ ಹುಡುಗಿಯರು ಕಾಲಿಟ್ಟದ್ದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಮೇಲೆ, 2022ರಲ್ಲಿ. ಅವರ ಮೊದಲ ತಂಡ ಹೊರಬಂದದ್ದು 2025ರ ಮೇ ತಿಂಗಳಲ್ಲಿ.

ಮನೆ ಪತ್ರದ ಮೇಲೆ ಹಾರಾಟ

ಮೂರನೆಯ ಬಾಗಿಲು ಪೂರ್ತಿ ತೆರೆದದ್ದು ಈ ಶತಮಾನದಲ್ಲಿ. 1994ರಲ್ಲಿ ಸರ್ಕಾರಿ ಏರ್‌ಲೈನುಗಳ ಏಕಸ್ವಾಮ್ಯದ ಕಾನೂನು ರದ್ದಾಗಿತ್ತು. 2003ರ ಆಗಸ್ಟ್ 25ರಂದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್ ಹಾರಿತು. ಅದನ್ನು ಕಟ್ಟಿದ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ವಿಜಯಪುರದ ಸೈನಿಕ ಶಾಲೆಯಲ್ಲೂ ಖಡಕವಾಸಲಾದಲ್ಲೂ ಕಲಿತವರು. ಅವರ ಹೆಸರಿನ ಹಿಂದಿನ 'ಕ್ಯಾಪ್ಟನ್' ಭೂಸೇನೆಯದು, ವಿಮಾನದ್ದಲ್ಲ. ಕಡಿಮೆ ದರದ ಟಿಕೆಟ್ಟಿನ ಆ ಪೈಪೋಟಿಯಲ್ಲಿ ಒಂದರ ಹಿಂದೊಂದು ಏರ್‌ಲೈನುಗಳು ಬಂದವು. ಪೈಲಟ್‌ಗಳು ಸಾಲದೆ ವಿದೇಶಿಯರನ್ನು ಕರೆಸಬೇಕಾಯಿತು. ಪತ್ರಿಕೆಗಳಲ್ಲಿ ಪೈಲಟ್ ಸಂಬಳದ ಅಂಕಿಗಳು ಬಂದವು. ಪುಣೆ, ಬೆಂಗಳೂರು, ಹುಬ್ಬಳ್ಳಿಗಳ ಮಧ್ಯಮವರ್ಗದ ಮನೆಗಳಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಜೊತೆಗೆ ಮೂರನೆಯ ಮಾತೊಂದು ಸೇರಿಕೊಂಡಿತು.

ಆಗ ಹಣ ಎಲ್ಲಿಂದ ಬಂತು? ಬ್ಯಾಂಕುಗಳ 2001ರ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ದೇಶದೊಳಗಿನ ಓದಿಗೆ 7.5 ಲಕ್ಷ, ವಿದೇಶದ ಓದಿಗೆ 15 ಲಕ್ಷ ಮಿತಿಯಿತ್ತು. ಅಡಮಾನವಿಲ್ಲದೆ ಸಿಗುತ್ತಿದ್ದದ್ದು 4 ಲಕ್ಷದವರೆಗೆ. ಹಾರಾಟದ ಖರ್ಚು ಈ ಮಿತಿಯನ್ನು ಸುಲಭವಾಗಿ ದಾಟುತ್ತಿತ್ತು. ಹಾಗಾಗಿ ಶಿಕ್ಷಣ ಸಾಲವೆಂದು ಶುರುವಾದದ್ದು ಕೊನೆಗೆ ಮನೆಯ ಪತ್ರ, ಹೊಲದ ಪಹಣಿ, ಅಪ್ಪನ ಪಿಎಫ್ ಮೇಲೆ ಬಂದು ನಿಲ್ಲುತ್ತಿತ್ತು. ಅಮೆರಿಕ, ಫಿಲಿಪ್ಪೀನ್ಸ್‌ಗಳಲ್ಲಿ ಹವೆ ಚೆನ್ನಾಗಿ, ವಿಮಾನಗಳು ಹೆಚ್ಚಾಗಿದ್ದುದರಿಂದ ಗಂಟೆಗಳು ಬೇಗ ಮುಗಿಯುತ್ತವೆಂದು ಎಷ್ಟೋ ಮಂದಿ ಅಲ್ಲಿಗೆ ಹೋದರು.

ಅವರು ಲೈಸೆನ್ಸ್ ಹಿಡಿದು ವಾಪಸ್ಸಾಗುವ ಹೊತ್ತಿಗೆ 2008 ಬಂದಿತ್ತು. ತೈಲದ ಬೆಲೆ ಪೀಪಾಯಿಗೆ 147 ಡಾಲರ್ ತನಕ ಏರಿ, ಅದರ ಬೆನ್ನಿಗೇ ಆರ್ಥಿಕ ಕುಸಿತ ಬಂದು, ಏರ್‌ಲೈನುಗಳು ನೇಮಕ ನಿಲ್ಲಿಸಿದವು. 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಶರ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತಾ ಹೊಸಬರ ಮುಂದೆ ಸಾಲುಗಟ್ಟಿದರು. ಲೈಸೆನ್ಸ್ ಪಡೆದ ಸಾವಿರಾರು ಯುವಕರು ಕೆಲಸವಿಲ್ಲದೆ ಉಳಿದರು. ಇತರ ಪದವಿಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಬಿ.ಇ. ಸರ್ಟಿಫಿಕೇಟು ಕಪಾಟಿನಲ್ಲಿದ್ದರೂ ಹಳಸುವುದಿಲ್ಲ. ಪೈಲಟ್‌ನ ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷವರ್ಷ ನವೀಕರಿಸಬೇಕು, ವೈದ್ಯಕೀಯ ಪರೀಕ್ಷೆ ಮತ್ತೆ ಮತ್ತೆ ಆಗಬೇಕು. ಕೆಲಸವಿಲ್ಲದವನು ಕೆಲಸಕ್ಕೆ ಅರ್ಹನಾಗಿ ಉಳಿಯಲೂ ದುಡ್ಡು ಕೊಡಬೇಕು.

ಒತ್ತಡ ಹೆಚ್ಚಿದಲ್ಲಿ ಅಡ್ಡದಾರಿಯೂ ಹುಟ್ಟಿತು. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರ ಪ್ರಕರಣಗಳು ಹೊರಬಂದು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂದರೆ ಡಿಜಿಸಿಎ ಹಳೆಯ ಕಡತಗಳನ್ನೆಲ್ಲ ತಿರುವಿ ನೋಡಬೇಕಾಯಿತು.

ಬಡ್ಡಿ ಕಾಯುವುದಿಲ್ಲ

ಮತ್ತೆ ಅಲೆ ಎದ್ದಿದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಡಿಜಿಸಿಎ 2020ರಲ್ಲಿ ಕೊಟ್ಟ ಕಮರ್ಷಿಯಲ್ ಲೈಸೆನ್ಸುಗಳು 578, 2023ರಲ್ಲಿ 1,622. ಬೆಳಗಾವಿ, ಕಲಬುರಗಿ, ಜಳಗಾಂವ್ ಸೇರಿದಂತೆ ಐದು ವಿಮಾನ ನಿಲ್ದಾಣಗಳಲ್ಲಿ ಖಾಸಗಿ ತರಬೇತಿ ಶಾಲೆಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಜಾಗ ಕೊಟ್ಟಿತು. ದೇಶದ ಪೈಲಟ್‌ಗಳಲ್ಲಿ ಸುಮಾರು ಶೇಕಡ 15ರಷ್ಟು ಮಹಿಳೆಯರು, ಜಗತ್ತಿನ ಸರಾಸರಿಯ ಮೂರು ಪಟ್ಟು. ಎಂಟು ಏರ್‌ಲೈನುಗಳು ಪ್ರೇಮ್ ಮಾಥುರ್ ಅವರನ್ನು ಹಿಂದಕ್ಕೆ ಕಳಿಸಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಮನೆಯವರು ಮಗಳ ಮೇಲೂ ಹಣ ಹಾಕಲು ಮುಂದಾದದ್ದು ಇದರ ಹಿಂದಿನ ಒಂದು ಕಾರಣ.

ಖರ್ಚು ಮಾತ್ರ ಈಗ ಪೂರ್ತಿ ಮನೆಯವರದೇ. ಭಾರತದಲ್ಲಿ ಲೈಸೆನ್ಸ್ ಪಡೆಯಲು ಸುಮಾರು 40ರಿಂದ 60 ಲಕ್ಷ. ಏರ್‌ಬಸ್ ಅಥವಾ ಬೋಯಿಂಗ್‌ನ ಟೈಪ್ ರೇಟಿಂಗ್, ಅಂದರೆ ಆ ನಿರ್ದಿಷ್ಟ ವಿಮಾನದ ತರಬೇತಿ, ಬೇರೆ. ಹಿಂದೆ ಇಂಡಿಯನ್ ಏರ್‌ಲೈನ್ಸ್ ತಾನೇ ಭರಿಸುತ್ತಿದ್ದ ಈ ಖರ್ಚು ಈಗ ಹೆಚ್ಚಾಗಿ ಅಭ್ಯರ್ಥಿಯ ಮೇಲೆ. ಏರ್‌ಲೈನುಗಳ ಕೆಡೆಟ್ ಯೋಜನೆಗಳಲ್ಲಿ ಮೊದಲೇ ಆಯ್ಕೆ ನಡೆಯುವುದರಿಂದ ಕೆಲಸದ ಭರವಸೆ ಹೆಚ್ಚು, ಒಟ್ಟು ಖರ್ಚೂ ಒಂದು ಕೋಟಿಯ ಆಸುಪಾಸು. ಸರ್ಕಾರದ ಕೈ ಪೂರ್ತಿ ಸರಿದಿಲ್ಲ. ಮಹಾರಾಷ್ಟ್ರದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಮಹಾಜ್ಯೋತಿ ಸಂಸ್ಥೆ ನಾಗಪುರದ ಕ್ಲಬ್ಬಿನಲ್ಲಿ ಪೈಲಟ್ ತರಬೇತಿ ಕೊಡಿಸುತ್ತದೆ. ಆದರೆ ಇಂಥ ಸೀಟುಗಳು ಕೆಲವೇ ಕೆಲವು.

ಈ ಸಾಲದ ಲೆಕ್ಕ ಹೀಗಿದೆ. 50 ಲಕ್ಷಕ್ಕೆ ಶೇಕಡ 11ರ ಬಡ್ಡಿಯೆಂದರೆ ವರ್ಷಕ್ಕೆ 5.5 ಲಕ್ಷ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 69 ಸಾವಿರ. ತಿಂಗಳಿಗೆ 25 ಗಂಟೆ ಹಾರಿದರೆ ಇನ್ನೂರು ಗಂಟೆ ಎಂಟು ತಿಂಗಳಲ್ಲಿ ಮುಗಿಯುತ್ತದೆ. ಮಳೆ, ಕೆಟ್ಟು ನಿಂತ ವಿಮಾನ, ಬೋಧಕರ ಕೊರತೆಯಿಂದ ತಿಂಗಳಿಗೆ 10 ಗಂಟೆಗೆ ಇಳಿದರೆ ಇಪ್ಪತ್ತು ತಿಂಗಳು ಬೇಕು. ಆ ಹನ್ನೆರಡು ತಿಂಗಳ ವ್ಯತ್ಯಾಸದ ಬೆಲೆಯೇ 5.5 ಲಕ್ಷ. ಜಕ್ಕೂರಿನಲ್ಲಿ ಕಾದವರು ಪ್ರಾಯವನ್ನು ಕಳೆದುಕೊಂಡರು. ಈಗ ಕಾಯುವವರು ಪ್ರಾಯದ ಜೊತೆಗೆ ಬಡ್ಡಿಯನ್ನೂ ತೆರುತ್ತಾರೆ.

ಬಾರಾಮತಿಯಲ್ಲಿ 2023ರ ಅಕ್ಟೋಬರಿನಲ್ಲಿ ಒಂದೇ ವಾರದೊಳಗೆ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ಡಿಜಿಸಿಎ ಆ ಶಾಲೆಯ ತರಬೇತಿಯನ್ನು ಕೆಲಕಾಲ ನಿಲ್ಲಿಸಿತು. ಸುರಕ್ಷತೆಗೆ ಅದು ಬೇಕಿತ್ತು. ಆದರೆ ಶಾಲೆ ನಿಂತಾಗ ಅಲ್ಲಿನ ವಿದ್ಯಾರ್ಥಿಗಳ ಸಾಲ ನಿಲ್ಲಲಿಲ್ಲ. 2025ರಲ್ಲಿ ಡಿಜಿಸಿಎ ತರಬೇತಿ ಶಾಲೆಗಳಿಗೆ ಮೊದಲ ಬಾರಿ ಶ್ರೇಯಾಂಕ ಕೊಟ್ಟಾಗ ಎ ಪ್ಲಸ್ ಆಗಲಿ, ಎ ಆಗಲಿ ಯಾವ ಶಾಲೆಗೂ ಸಿಗಲಿಲ್ಲ.

ನೂರು ವರ್ಷಗಳ ಈ ಕಥೆಯಿಂದ ಇಂದಿನ ಮನೆಯೊಂದು ತೆಗೆದುಕೊಳ್ಳಬಹುದಾದದ್ದು ಖರ್ಚಿನ ಮೊತ್ತಕ್ಕಿಂತ ಹೆಚ್ಚಾಗಿ ಖರ್ಚಿನ ಕ್ರಮ. ಮೊದಲು ವೈದ್ಯಕೀಯ ಪರೀಕ್ಷೆ. ಏರ್‌ಲೈನ್ ಪೈಲಟ್‌ಗೆ ಬೇಕಾದ ಮೊದಲ ದರ್ಜೆಯ ಪರೀಕ್ಷೆಯನ್ನು ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಂಥ ವಾಯುಪಡೆಯ ಕೇಂದ್ರಗಳು ದೀರ್ಘಕಾಲದಿಂದ ಮಾಡುತ್ತಾ ಬಂದಿವೆ. ಬಣ್ಣ ಗುರುತಿಸುವ ಕಣ್ಣಿನ ದೋಷ ಶುಲ್ಕ ಕಟ್ಟುವ ಮೊದಲೇ ಗೊತ್ತಾದರೆ ಜಮೀನು ಉಳಿಯುತ್ತದೆ. ಆಮೇಲೆ ಡಿಜಿಸಿಎಯ ಬರವಣಿಗೆಯ ಪರೀಕ್ಷೆಗಳು. ಅವಕ್ಕೆ ಹಾರಾಟದ ಖರ್ಚಿನ ಸಣ್ಣ ಪಾಲು ಸಾಕು. ಮೂರನೆಯದಾಗಿ ಶಾಲೆಯ ಆಯ್ಕೆ. ಶುಲ್ಕ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ಕಳೆದ ವರ್ಷ ಸೇರಿದವರು ಇನ್ನೂರು ಗಂಟೆ ಮುಗಿಸಲು ಎಷ್ಟು ತಿಂಗಳು ತೆಗೆದುಕೊಂಡರು ಎಂಬುದೇ ನಿಜವಾದ ಶುಲ್ಕ ಹೇಳುವ ಪ್ರಶ್ನೆಗಳು. ಕೊನೆಯದಾಗಿ, ಲೈಸೆನ್ಸ್ ಸಿಕ್ಕ ಮರುದಿನವೇ ಸಂಬಳ ಬರುತ್ತದೆಂದು ಲೆಕ್ಕ ಹಾಕದೆ, ಒಂದೆರಡು ವರ್ಷದ ಕಂತು ಮತ್ತು ನವೀಕರಣದ ಹಣ ಕೈಯಲ್ಲಿಟ್ಟುಕೊಳ್ಳುವುದು. 2008ರಲ್ಲಿ ವಾಪಸ್ಸಾದವರ ಬಳಿ ಇಲ್ಲದೇ ಇದ್ದದ್ದು ಅದೇ.

ಈ ಎಚ್ಚರಿಕೆಗಳೆಲ್ಲ ಹೊಲವೋ ಮನೆಯೋ ಇದ್ದವರಿಗೆ. ಏನೂ ಇಲ್ಲದವರಿಗೆ ಇಂದು ಉಳಿದಿರುವುದು ಖಡಕವಾಸಲಾ, ಕೆಲವೇ ವಿದ್ಯಾರ್ಥಿವೇತನಗಳು ಮತ್ತು ಹಡಪಸರದ ಬಯಲು. ಅಲ್ಲಿ ವಿಂಚ್ ಎಳೆದು ಬಿಟ್ಟ ಗ್ಲೈಡರ್ ಬಿಸಿಗಾಳಿ ಸಿಗದಿದ್ದರೆ ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಇನ್ನೂರು ಗಂಟೆಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೂ ಅಷ್ಟು ಹೊತ್ತಿನ ಹಾರಾಟಕ್ಕೆ ಯಾರೂ ಮನೆ ಅಡವಿಡಬೇಕಾಗಿಲ್ಲ.